ಫಾಲ್ಸಿನ ನೀರು ನಮ್ಮ ಭಾವಿ ನೀರಲ್ಲ



ಹಿಂದಿನ ಸಲ ಕಬ್ಬಿನ ರವದಿ ಸುಡದೆ ಸಾಲಿನಾಗ ಮುಚ್ಚೋದರ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರ. ಇವತ್ತು ಹೊಲದ ಮಾತಲ್ಲ. ದಸರಾ ರಜೆ ಹತ್ರ ಬಂತು, ನಮ್ಮ ಗ್ರೂಪಿನೊಳಗ ನಾಲ್ಕೈದು ಮಂದಿ ಆಗಲೇ "ಹುಡುಗ್ರನ್ನ ಫಾಲ್ಸಿಗೆ ಕರಕೊಂಡು ಹೋಗೋಣು, ಹೊಳಿಗೆ ನೀರು ಚೊಲೊ ಐತಿ" ಅಂತ ಹಾಕ್ಯಾರ. ಗೋವಿನಜೋಳ ಮುರಿಯೋಕೆ ಇನ್ನ ಹದಿನೈದು ದಿನ ಐತಿ, ಕಬ್ಬಿನ ಗ್ಯಾಂಗ್ ಇನ್ನೂ ಬಂದಿಲ್ಲ, ನಮಗೂ ಇದೊಂದೇ ಪುರಸೊತ್ತಿನ ಕಾಲ. ಹೋಗಬ್ಯಾಡ್ರಿ ಅಂತ ನಾನು ಹೇಳೋದಿಲ್ಲ. ಹೋದ ವರ್ಷ ಇದೇ ರಜೆಯಾಗ ನನ್ನ ಕೈಯಿಂದ ಏನಾತು ಅನ್ನೋದನ್ನ ಮಾತ್ರ ಬರೀತೀನಿ. ಒಂದು ವರ್ಷ ಬರೆಯೋಕೆ ಧೈರ್ಯ ಆಗಿರಲಿಲ್ಲ.

ನಾವೆಲ್ಲಾ ಈಸು ಕಲಿತಿದ್ದು ಭಾವಿಯೊಳಗ. ಅಪ್ಪ ನನ್ನ ಸೊಂಟಕ್ಕ ಹಗ್ಗ ಕಟ್ಟಿ, ಬೆನ್ನಿಗೆ ಒಣಗಿದ ಸೋರೆಬುರುಡಿ ಬಿಗಿದು, ಮೇಲಿನ ಪಾವಟಿಗಿ ಮ್ಯಾಲಿಂದ ನೀರಿಗೆ ದೂಡಿದ್ದ. ಅತ್ತರೂ ಬಿಡಲಿಲ್ಲ. ಎಂಟು ದಿನಕ್ಕ ಬುರುಡಿ ಬಿಚ್ಚಿದ, ಹದಿನೈದು ದಿನಕ್ಕ ಹಗ್ಗ ಬಿಚ್ಚಿದ. ನನ್ನ ಮಗನಿಗೂ ಮಗಳಿಗೂ ನಾನು ಅದೇ ಭಾವಿಯಾಗ ಕಲಿಸಿದೆ, ಬುರುಡಿ ಬದಲು ಎಣ್ಣಿ ಕ್ಯಾನು, ಅಷ್ಟೇ ವ್ಯತ್ಯಾಸ. ಹುಕ್ಕೇರಿ ಕಡೆ ಕೊಟ್ಟ ನನ್ನ ತಂಗಿಯ ಮಗ ರಜೆಗೆ ಬಂದಾಗೆಲ್ಲ ಅಲ್ಲೇ ಬೀಳ್ತಿದ್ದ. ಹತ್ತು ವರ್ಷದ ಹುಡುಗ, ಮೇಲಿಂದ ಜಿಗಿದು ತಳದ ಮಣ್ಣು ಮುಷ್ಟಿಯಾಗ ಹಿಡಕೊಂಡು ಬರ್ತಿದ್ದ. ನೋಡಿದವರು "ಮೀನ ಹುಟ್ಟೈತಿ ನಿಮ್ಮ ಮನಿಯಾಗ" ಅಂತಿದ್ದರು. ನನಗೂ ಒಳಗೊಳಗ ಹೆಮ್ಮೆ.

ಈ ಹೆಮ್ಮೆಯೇ ನನ್ನ ಕಣ್ಣು ಕಟ್ಟಿತು.

ಅವತ್ತು ಒಂದು ಕ್ರೂಸರ್ ಮಾಡಿಕೊಂಡು ಹೊರಟಿವಿ. ನಾನು, ಮನಿಯಾಕಿ, ಅವ್ವ, ನನ್ನ ಎರಡು ಹುಡುಗ್ರು, ಅಳಿಯ, ಓಣಿಯ ಇನ್ನೊಂದು ಮನಿಯವರು ಐದು ಮಂದಿ. ಮೂಡಲಗಿ ದಾಟಿ, ಗೋಕಾಕ ದಾಟಿ, ಮೊದಲು ಗೋಕಾಕ ಫಾಲ್ಸ್. ಅಲ್ಲಿ ಯಾರೂ ನೀರಿಗಿಳಿಯೋ ಮಾತೇ ಇಲ್ಲ. ಘಟಪ್ರಭಾ ಹೊಳಿ 52 ಮೀಟರ್, ಅಂದ್ರ ನೂರಾ ಎಪ್ಪತ್ತು ಅಡಿ ಕೆಳಗ ಬೀಳ್ತದ. ಅವ್ವ ಮಹಾಲಿಂಗೇಶ್ವರನಿಗೆ ಕೈ ಮುಗಿದಳು, ಹುಡುಗ್ರು ತೂಗುಸೇತುವೆ ನೋಡಿದರು. ನಾನು ಮಗನಿಗೆ "1887ರಾಗ ಇದೇ ನೀರಿನ ಬಲದಿಂದ ಕರೆಂಟು ತೆಗೆದು ಮಿಲ್ಲು ನಡೆಸಿದರಪಾ" ಅಂತ ದೊಡ್ಡ ಮಾಸ್ತರನಂಗ ಹೇಳಿದೆ. ಮಿಲ್ಲು ತಿರುಗಿಸೋ ಬಲ ನೀರಿಗೆ ಐತಿ ಅಂತ ಹೇಳಿದವ ನಾನೇ. ಅದೇ ನೀರು ಒಂದು ಹುಡುಗನ್ನ ಏನು ಮಾಡಬಹುದು ಅನ್ನೋದು ಮಾತ್ರ ತಲಿಗೆ ಹೋಗಲಿಲ್ಲ.

ಅಲ್ಲಿಂದ ಗೊಡಚಿನಮಲ್ಕಿ. ಹೋಗಿ ಬಂದವರಿಗೆ ಗೊತ್ತೈತಿ, ಅದು ಘಟಪ್ರಭಾ ಅಲ್ಲ, ಮಾರ್ಕಂಡೇಯ ಹೊಳಿ. ಮೊದಲು 25 ಮೀಟರ್ ಧುಮುಕಿ ಕಲ್ಲಿನ ಕಣಿವಿಗೆ ಬೀಳ್ತದ, ಸ್ವಲ್ಪ ದೂರ ಹರಿದು ಮತ್ತ 20 ಮೀಟರ್ ಧುಮುಕ್ತದ. ಗೋಕಾಕ ಫಾಲ್ಸಿನ ಮುಂದ ಸಣ್ಣದು ಅನಿಸ್ತದ, ಆ ಸಣ್ಣದು ಅನಿಸೋದೇ ಅದರ ಮೋಸ. ಗೋಕಾಕ ಫಾಲ್ಸ್ ನೋಡಿದ ಕೂಡಲೇ ಕಾಲು ತಾನಾಗಿ ಹಿಂದಕ್ಕ ಸರೀತದ. ಇಲ್ಲಿ ಬಂಡೆಗಳ ನಡುವೆ ನೀರು ನಿಂತಂಗ ಕಾಣ್ತದ, ತಳದ ಹಳಕು ಕಾಣ್ತಾವ, ಹುಡುಗ್ರು "ಮಾಮಾ, ಇಳೀಲೇನು?" ಅಂತಾರ.

ನಾವು ಕೂತಿದ್ದು ದೊಡ್ಡ ಧುಮುಕಿನ ಬಾಯಿಯಲ್ಲಲ್ಲ. ಹೊಳಿ ಬಂಡೆಗಳ ಮಧ್ಯೆ ಕವಲಾಗಿ ಹರಿಯೋ ಕಡೆ ಒಂದು ಆಳೆತ್ತರದ ಸಣ್ಣ ಇಳುಕಲು ಇತ್ತು, ಅದರ ಕೆಳಗ ನಮ್ಮ ಅಂಗಳದಷ್ಟು ಅಗಲದ ಮಡು. ದಂಡಿಯಲ್ಲಿ ಮೊಣಕಾಲು ನೀರು, ನಡುವೆ ಕಪ್ಪಗ ಆಳ. ನಾನು ಇಳಿದು ನೋಡಿದೆ, ದಂಡಿಗುಂಟ ಎದಿಮಟ್ಟ ಬಂತು. "ಇಲ್ಲೇ ಆಡ್ರಿ, ಆ ಕಡೆ ಹೋಗಬ್ಯಾಡ್ರಿ" ಅಂದೆ. ಆ ಕಡೆ ಅಂದ್ರ ಯಾವ ಕಡೆ, ಎಲ್ಲಿ ತನಕ, ಏನೂ ಗುರುತು ಮಾಡಲಿಲ್ಲ. ಹೊಲದಾಗ ಆಳಿಗೆ "ಅಲ್ಲಿತನಕ ಕಳೆ ತೆಗಿ" ಅಂದ್ರ ಸಂಜಿಗೆ ಜಗಳ ಆಗ್ತದ ಅಂತ ಬದುವಿನ ಕಲ್ಲು ತೋರಿಸಿ ಹೇಳ್ತೀವಿ. ಹುಡುಗ್ರಿಗೆ ಅಷ್ಟೂ ಮಾಡಲಿಲ್ಲ.

ಅವ್ವಗ ಮೊಣಕಾಲು ನೋವು, ಕೆಳಗ ಇಳಿಯೋಕೆ ಆಗಲಿಲ್ಲ. ಮೇಲೆ ಒಂದು ಬಂಡೆ ಮ್ಯಾಲೆ ನೆರಳಿಗೆ ಕೂತು ಬುತ್ತಿ ಗಂಟು ಬಿಚ್ಚಿದ್ದಳು. ಹೆಂಗಸರು ಒಂದು ಕಡೆ, ನಾವು ಗಂಡಸರು ಇಬ್ಬರು ನೀರಿನ ಹತ್ತಿರ. ಅಷ್ಟರೊಳಗ ಕಬ್ಬು ಕಡಿಯೋ ಗ್ಯಾಂಗಿನ ಮುಕ್ಕಾದಮನ ಫೋನು ಬಂತು. ಈ ಸಲ ಕೋಯ್ತಾಕ್ಕ ಎಷ್ಟು ಮುಂಗಡ, ಯಾವಾಗ ಬರ್ತಾರ, ಅದೇ ಹಳೇ ರಾಮಾಯಣ. ನೀರಿನ ಸಪ್ಪಳಕ್ಕ ಮಾತು ಕೇಳಿಸವಲ್ದು ಅಂತ ನಾನು ಎದ್ದು, ಒಂದು ಕಿವಿ ಮುಚ್ಚಿಕೊಂಡು, ಮಡುವಿಗೆ ಬೆನ್ನು ಮಾಡಿ ನಿಂತೆ. ಜೊತಿಗಿದ್ದ ಇನ್ನೊಬ್ಬರು ನಾನು ನೋಡ್ತೀನಿ ಅಂದುಕೊಂಡರು. ಅವರು ನೋಡ್ತಾರ ಅಂತ ನಾನು ಅಂದುಕೊಂಡೆ. ಎಂಟು ದೊಡ್ಡವರಿದ್ದೆವು, ನೋಡೋವ್ರು ಒಬ್ಬರೂ ಇರಲಿಲ್ಲ.

ಮಾತಾಡ್ತಾ ಮೇಲೆ ನೋಡಿದರ ಅವ್ವ ಬುತ್ತಿ ಕಟ್ಟಿದ ಬಿಳಿ ಅರಿವಿ ಬೀಸ್ತಿದ್ದಳು. ಊಟಕ್ಕ ಕರಿಯಾಕತ್ತಾಳ ಅಂತ ತಿಳಿದು, "ತಡಿ, ಬಂದೆ" ಅಂತ ಕೈ ತೋರಿಸಿ ಮತ್ತ ಫೋನಿಗೆ ಕಿವಿ ಕೊಟ್ಟೆ. ಈ ಒಂದು ಕೈ ಸನ್ನಿ ನೆನಪಾದಾಗೆಲ್ಲ ಇವತ್ತಿಗೂ ಹೊಟ್ಟಿಯೊಳಗ ತಣ್ಣಗ ಆಗ್ತದ. ಅವ್ವ ಒದರಿದ್ದಳಂತ. ಒದರಿದ್ದು ಮೂವತ್ತು ಹೆಜ್ಜಿ ದೂರದ ನನಗ ಕೇಳಿಸಲಿಲ್ಲ. ಎರಡನೇ ಸಲ ನೋಡಿದಾಗ ಆಕಿ ಅರಿವಿ ಬೀಸ್ತಿರಲಿಲ್ಲ, ಎದ್ದು ನಿಂತು ನೀರಿನ ಕಡೆ ಎರಡೂ ಕೈ ಚಾಚಿದ್ದಳು.

ತಿರುಗಿದೆ. ಅಳಿಯ ಆ ಸಣ್ಣ ಇಳುಕಲಿನ ಬುಡದಾಗ, ಬೆಳ್ಳನ ನೊರಿ ನಡುವೆ ಇದ್ದ. ಮುಖ ಮ್ಯಾಲೆ, ಬಾಯಿ ನೀರಿನ ಮಟ್ಟಕ್ಕ. ಕೈ ಬಡೀತಿರಲಿಲ್ಲ, ಒದರ್ತಿರಲಿಲ್ಲ. ಏಣಿ ಹತ್ತೋರಂಗ ಕೈ ನೀರೊಳಗ ಒತ್ತತಿದ್ದ, ಅಷ್ಟೇ. ಅವನ ಪಕ್ಕದಾಗ ಐದು ಮಾರು ದೂರ ನನ್ನ ಮಗಳು ಆಡ್ತಿದ್ದಳು, ಅವಳಿಗೂ ಗೊತ್ತಾಗಿರಲಿಲ್ಲ. ಆಮೇಲೆ ಅವ್ವನ್ನ ಕೇಳಿದೆ, ಅಷ್ಟು ದೂರದಿಂದ ನಿನಗ ಹೆಂಗ ತಿಳೀತು ಅಂತ. "ಎಲ್ಲಾ ಹುಡುಗ್ರು ನಗತಿದ್ದವು, ಇವ ಒಬ್ಬ ನಗತಿರಲಿಲ್ಲೋ" ಅಂದಳು. ಆಕಿಗೆ ಈಸ ಬರೋದಿಲ್ಲ.

ನಾನು ಫೋನ್ ಬಿಸಾಕಿ ಜಿಗಿಯೋಕೆ ಹೋದೆ. ಹಿಂದಿನಿಂದ ಯಾರೋ ನನ್ನ ಅಂಗಿ ಹಿಡಿದು ಜಗ್ಗಿದರು. ಅಲ್ಲೇ ಕುರಿ ಮೇಯಿಸ್ತಿದ್ದ ಒಬ್ಬ ಅಜ್ಜ. ಹೆಗಲ ಮ್ಯಾಲೆ ಕಂಬಳಿ, ಕೈಯಾಗ ಉದ್ದನ ಬಡಿಗಿ. "ಜಿಗೀಬ್ಯಾಡೋ ತಮ್ಮಾ! ಇಬ್ಬರೂ ಹೋಗ್ತೀರಿ. ಡಬ್ಬಿ ಒಗಿ, ಡಬ್ಬಿ!" ನಮ್ಮ ಕುಡಿಯೋ ನೀರಿನ ಇಪ್ಪತ್ತು ಲೀಟರ್ ಕ್ಯಾನು ಅಲ್ಲೇ ಬಂಡೆ ಮ್ಯಾಲೆ ಇತ್ತು, ಅರ್ಧಕ್ಕಿಂತ ಹೆಚ್ಚು ಖಾಲಿ. ಇದ್ದ ನೀರು ಚೆಲ್ಲಿ, ಮುಚ್ಚಳ ಬಿಗಿದು, ಒಗೆದೆ. ಮೊದಲನೇದು ಅವನ ಕೈಗೆ ಸಿಗದೆ ಹಿಂದಕ್ಕ ತೇಲಿ ಬಂತು. ಅಜ್ಜ ಅದನ್ನ ಬಡಿಗಿಯಿಂದ ಎಳಕೊಂಡು ಇಳುಕಲಿನ ಹತ್ತಿರ ಹೋಗಿ, ಹುಡುಗನ ಹಿಂದಕ್ಕ ಬೀಳುವಂಗ ಮತ್ತ ಒಗೆದ. ನೊರಿ ಹತ್ತಿರದ ನೀರು ಮ್ಯಾಲಿನಿಂದ ಇಳುಕಲಿನ ಕಡೆಗೇ ವಾಪಸ್ ಹರೀತದ, ಅದೇ ನೀರು ಕ್ಯಾನನ್ನ ಅವನ ಎದಿಗೆ ತಂದು ಮುಟ್ಟಿಸಿತು. ಅಪ್ಪಿಕೊಂಡ. ಅಜ್ಜ ಕೈ ಸನ್ನಿ ಮಾಡಿ, ನಮ್ಮ ಕಡೆ ಬರಬ್ಯಾಡ, ಅಡ್ಡ ಹೋಗು ಅಂತ ತೋರಿಸಿದ. ಹುಡುಗ ಕಾಲು ಬಡಿದು ಪಕ್ಕಕ್ಕ ಸರಿದ ಕೂಡಲೇ ಹೊರಗಿನ ಸೆಳವು ಅವನನ್ನ ಹಿಡಿದು ಕೆಳಗಿನ ತೆಳು ನೀರಿಗೆ ತಂತು. ಅಲ್ಲಿ ಅಜ್ಜನ ಬಡಿಗಿ, ನನ್ನ ಕೈ.

ಎಷ್ಟು ಹೊತ್ತು ಆಗಿರಬಹುದು? ನನ್ನ ಫೋನಿನಾಗ ಆ ಕಾಲ್ ಎರಡು ನಿಮಿಷ ನಲವತ್ತು ಸೆಕೆಂಡ್ ಅಂತ ಐತಿ. ಅದರೊಳಗೇ ಎಲ್ಲಾ.

ಹುಡುಗ ಉಸಿರಾಡ್ತಿದ್ದ. ಕೆಮ್ಮಿದ, ವಾಂತಿ ಮಾಡಿದ, ಆಮೇಲೆ ಅತ್ತ. ಅಷ್ಟರೊಳಗ ಕೂಡಿದ ಮಂದಿಯೊಳಗ ಒಬ್ಬರು "ತಲಿ ಮ್ಯಾಲೆ ಹೊತ್ತು ಗರಗರ ತಿರುಗಿಸ್ರಿ, ಹೊಟ್ಟಿ ನೀರು ಹೊರಗ ಬರ್ತದ" ಅಂದರು. ನಮ್ಮ ಕಡೆ ಎಲ್ಲಾ ಊರಾಗೂ ಇದೇ ಪದ್ಧತಿ, ನಾನೂ ಸಣ್ಣಾಗಿದ್ದಾಗ ನೋಡೀನಿ. ಅಜ್ಜ ಬಿಡಲಿಲ್ಲ, ಹುಡುಗನ್ನ ಕಂಬಳಿಯಾಗ ಸುತ್ತಿ ಪಕ್ಕಕ್ಕ ಮಲಗಿಸಿದ. ಗೋಕಾಕಕ್ಕ ಬಂದು ಡಾಕ್ಟರಿಗೆ ತೋರಿಸಿದಾಗ ಅವರು ಹೇಳಿದ್ದು ಕೇಳಿ ಅಜ್ಜನಿಗೆ ಮನಸ್ಸಿನಾಗೇ ಕೈ ಮುಗಿದೆ. ನೀರಾಗ ಮುಳುಗಿದವರಿಗೆ ತೊಂದರಿ ಆಗೋದು ಹೊಟ್ಟಿಗೆ ಹೋದ ನೀರಿನಿಂದ ಅಲ್ಲ, ಉಸಿರು ನಿಂತಿದ್ದರಿಂದ. ಹೊಟ್ಟಿ ಒತ್ತಿದರ, ತಲಿಕೆಳಗ ಮಾಡಿದರ ಹೊಟ್ಟಿಯಾಗಿನದು ಮ್ಯಾಲೆ ಬಂದು ಶ್ವಾಸನಾಳಕ್ಕ ಹೋಗ್ತದ, ಮ್ಯಾಲಾಗಿ ಉಸಿರು ಕೊಡೋ ಹೊತ್ತು ಹಾಳಾಗ್ತದ. ಉಸಿರು ಇಲ್ಲ ಅಂದ್ರ ಬೆನ್ನ ಮ್ಯಾಲೆ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಕೊಟ್ಟು ಮೊದಲು ಐದು ಸಲ ಉಸಿರು ಊದಬೇಕು, ಎದಿ ಏಳೋದು ಕಾಣಬೇಕು. ಆಮೇಲೂ ಚೇತರಿಕೆ ಇಲ್ಲಂದ್ರ ಎದಿ ನಡುವೆ ಮೂವತ್ತು ಸಲ ಒತ್ತೋದು, ಎರಡು ಸಲ ಊದೋದು, ಹಿಂಗ ಆಂಬುಲೆನ್ಸ್ ಬರೋತನಕ ಬಿಡದೆ. ಒತ್ತೋದು ನಿಮಿಷಕ್ಕ ನೂರರ ಮ್ಯಾಲೆ ಆಗಬೇಕು, ಎದಿಯ ಮೂರನೇ ಒಂದು ಪಾಲು ತಗ್ಗಬೇಕು. ಒಬ್ಬರು ಇದನ್ನ ಮಾಡ್ತಿರಬೇಕು, ಇನ್ನೊಬ್ಬರು 108ಕ್ಕ ಫೋನ್ ಹಚ್ಚಬೇಕು. ಡಾಕ್ಟರು ಒಂದು ದಿಂಬಿನ ಮ್ಯಾಲೆ ನನ್ನ ಕೈಯಿಂದ ಮಾಡಿಸಿ ತೋರಿಸಿದರು. ಓದಿದ್ದಕ್ಕಿಂತ ಒಮ್ಮೆ ಕೈಯಿಂದ ಮಾಡಿ ನೋಡೋದು ಚೊಲೊ, ಪ್ರಥಮ ಚಿಕಿತ್ಸೆ ಕಲಿಸೋ ಕಡೆ ಹೋಗಿ ಕಲೀರಿ.

ಹುಡುಗ ಆರಾಮ ಇದ್ದಾನಲ್ಲ, ಮನಿಗೆ ಹೋಗೋಣು ಅಂತ ನಾನು ಅಂದಿದ್ದೆ. ಡಾಕ್ಟರು ಒಪ್ಪಲಿಲ್ಲ. ನೀರು ಶ್ವಾಸಕ್ಕ ಹೋಗಿ ಕೆಮ್ಮು ಬಂದಿದ್ದರ ಮುಂದಿನ ಕೆಲವು ತಾಸು ಕಾಯಬೇಕು, ಉಸಿರಾಟ ಹೆಚ್ಚುಕಡಿಮಿ ಆದೀತು ಅಂದರು. ರಾತ್ರಿ ತನಕ ಅಲ್ಲೇ ಇಟ್ಟುಕೊಂಡು ಕಳಿಸಿದರು.

ತಂಗಿಗೆ ಹೆಂಗ ಹೇಳೋದು ಅನ್ನೋದು ಆ ರಾತ್ರಿಯ ಸಂಕಟ. ನಾನು ಹೇಳಲಿಲ್ಲ. ಖರೇ ಹೇಳ್ತೀನಿ, ಹೇಳದೇ ಬಿಟ್ಟರಾತು ಅಂತ ನಿಶ್ಚಯ ಮಾಡಿದ್ದೆ. ಮರುದಿನ ಹುಡುಗನೇ ಫೋನಿನಾಗ "ಅವ್ವಾ, ನಾ ಮುಳುಗಿದ್ದೆ" ಅಂದುಬಿಟ್ಟ. ಫೋನು ನನ್ನ ಕೈಗೆ ಬಂತು. ಆಕಿ ಬೈತಾಳ ಅಂತ ಕಾದೆ. ಬೈಯಲಿಲ್ಲ. "ಈಸ ಬರ್ತದ, ಏನೂ ಚಿಂತಿಲ್ಲ ಅಂತ ನಾನs ಹೇಳಿ ಕಳ್ಸಿದ್ದೆ ಅಣ್ಣಾ" ಅಂತ ಅತ್ತಳು. ಬೈದಿದ್ದರ ಚೊಲೊ ಇತ್ತು.

ಅಳಿಯನನ್ನ ಆಮೇಲೆ ಕೇಳಿದೆ, ಯಾಕ ಅಲ್ಲಿಗೆ ಹೋದಿ ಅಂತ. ಬೀಳೋ ನೀರನ್ನ ಕೈಯಿಂದ ಮುಟ್ಟಿ ಬರ್ತೀನಿ ಅಂತ ನನ್ನ ಮಗನ ಜೋಡಿ ಪಂಥ ಕಟ್ಟಿದ್ದನಂತ. "ಮಾಮಾ, ಅಲ್ಲಿ ನೀರು ನೀರಿನಂಗ ಇರಲಿಲ್ಲ. ಕೈ ಹಾಕಿದರ ಹಿಡಿತಾನೇ ಸಿಗವಲ್ದು" ಅಂದ.

ಈ ಮಾತಿನ ಹಿಂದೆ ಬಿದ್ದು ನಾನು ತಿಳಕೊಂಡಿದ್ದನ್ನ ನಿಮಗೂ ಹೇಳ್ತೀನಿ, ಯಾಕಂದ್ರ ನಾವು ಭಾವಿಯಾಗ ಈಸು ಕಲಿತವರೆಲ್ಲ ಇದನ್ನ ತಪ್ಪು ತಿಳಕೊಂಡೀವಿ. ಬೆಳ್ಳನ ನೊರಿ ಅಂದ್ರ ಅರ್ಧ ನೀರು, ಅರ್ಧ ಗಾಳಿ. ಗಾಳಿ ಬೆರೆತ ನೀರು ಹಗುರ, ಹಗುರ ನೀರು ನಮ್ಮ ಮೈಯನ್ನ ಎತ್ತಿ ಹಿಡಿಯೋದಿಲ್ಲ. ಭಾವಿಯಾಗ ಸುಮ್ಮನೆ ಅಂಗಾತ ಮಲಗಿದರೂ ತೇಲುವ ಹುಡುಗ ಇಲ್ಲಿ ಕಲ್ಲಿನಂಗ ಇಳೀತಾನ. ಕೈ ಬಡಿದರ ತಳ್ಳೋಕೆ ನೀರಿನ ಗಟ್ಟಿ ಇರೋದಿಲ್ಲ. ಅದರ ಮ್ಯಾಲೆ, ಮೇಲಿಂದ ಬಿದ್ದ ನೀರು ತಳಕ್ಕ ಹೊಡೆದು ಮುಂದ ಹೋಗಿ ಎದ್ದು, ಒಂದು ಪಾಲು ಹಿಂದಕ್ಕ, ಅದೇ ಇಳುಕಲಿನ ಕಡೆ ಉರುಳಿ ಬರ್ತದ. ಅದರಾಗ ಸಿಕ್ಕವನನ್ನ ಒಳಗ ಒತ್ತೋದು, ಮ್ಯಾಲೆ ತರೋದು, ಮತ್ತ ಒಳಗ ಒತ್ತೋದು. ದಂಡಿ ಕಣ್ಣ ಮುಂದೇ ಇರ್ತದ, ಈಸಿದಷ್ಟೂ ಅಲ್ಲೇ. ಒಂದು ಘನಮೀಟರ್ ನೀರು ಅಂದ್ರ ಒಂದು ಟನ್ನು. ಕಬ್ಬಿನ ಲೆಕ್ಕದಾಗ ಹೇಳಬೇಕಂದ್ರ ತಲಿ ಮ್ಯಾಲೆ ಟನ್ನುಗಟ್ಟಲೆ ಬೀಳ್ತಾ ಇದ್ದಂಗ, ನಿಲ್ಲೋದೇ ಇಲ್ಲ. ಫಾಲ್ಸಿನ ಕೆಳಗ ನಿಂತು ತಲಿ ಒಡ್ಡೋದು ಫೋಟೋಕ್ಕ ಚಂದ, ಆದರ ನೀರಿನ ಜೋಡಿ ಮ್ಯಾಲಿನಿಂದ ಹಳಕು, ಕಟ್ಟಿಗಿ ಏನೂ ಬರಬಹುದು.

ಇದನ್ನ ತಿಳಿದ ಮ್ಯಾಲೆ ನಾನು ಊರಿಗೆ ಬಂದು ನೋಡಿದ್ದು ನಮ್ಮ ಹೊಳಿಯ ಬಾಂದಾರ, ಕೆನಾಲಿನ ಡ್ರಾಪು. ಫಾಲ್ಸಿಗೆ ಹೋಗೋದು ವರ್ಷಕ್ಕ ಒಂದು ಸಲ. ಬಾಂದಾರದ ಕೆಳಗ ನಮ್ಮ ಹುಡುಗ್ರು ಬ್ಯಾಸಿಗಿಯಾಗ ದಿನಾ ಇರ್ತಾವ. ಬಾಂದಾರ ಹೊರಳಿ ಬೀಳೋ ನೀರು ನಾಲ್ಕು ಅಡಿನೇ ಇರಲಿ, ಅದರ ಬುಡದಾಗ ಇದೇ ಉರುಳು. ಅದೂ ಸಪಾಟ, ಈ ದಂಡಿಯಿಂದ ಆ ದಂಡಿತನಕ, ಪಕ್ಕಕ್ಕ ಸರಿದು ತಪ್ಪಿಸಿಕೊಳ್ಳೋಕೆ ಬಂಡೆಯ ಸಂದೂ ಇಲ್ಲ. ಕೆನಾಲಿನ ಇಳಿಜಾರು ಕಾಂಕ್ರೀಟಿಗೆ ಪಾಚಿ ಕಟ್ಟಿರ್ತದ, ದೊಡ್ಡವರಿಗೂ ಹತ್ತಿ ಬರೋಕೆ ಆಗೋದಿಲ್ಲ. ಕೃಷಿ ಹೊಂಡದ ತಾಡಪತ್ರಿನೂ ಹಂಗೇ. ನಮ್ಮ ಹೊಂಡಕ್ಕ ನಾನು ಮರುವಾರವೇ ನಾಲ್ಕೂ ಕಡೆ ಗಂಟು ಹಾಕಿದ ಹಗ್ಗ ನೀರೊಳಗ ಇಳಿಬಿಟ್ಟು, ದಂಡಿ ಮ್ಯಾಲೆ ಖಾಲಿ ಕ್ಯಾನು ಕಟ್ಟಿ ಇಟ್ಟೀನಿ. ಖರ್ಚು ಏನೂ ಇಲ್ಲ, ಹಳೇ ಎತ್ತಿನ ಹಗ್ಗ, ಔಷಧಿದಲ್ಲದ ಎಣ್ಣಿ ಕ್ಯಾನು. ನಿಮ್ಮ ಹೊಂಡಕ್ಕ ಇಲ್ಲಂದ್ರ ಇದನ್ನ ಓದಿ ಮುಗಿಸೋಕಿಂತ ಮೊದಲು ಎದ್ದು ಹೋಗಿ ಕಟ್ಟಿದರೂ ನನಗ ಬೇಜಾರಿಲ್ಲ.

ಇನ್ನೊಂದು ಮಾತು, ಮಳಿದು. ಮಾರ್ಕಂಡೇಯ ಬರೋದು ಬೆಳಗಾವಿ ಆಚೆ ಮಲೆನಾಡಿನ ಕಡೆಯಿಂದ. ಘಟಪ್ರಭಾ ಸಹ್ಯಾದ್ರಿಯಿಂದ. ನಮ್ಮ ಕಡೆ ಬಿಸಿಲು ಕಾದು ಗೋವಿನಜೋಳ ಒಣಗಿಸ್ತಿದ್ದರೂ ಅಲ್ಲಿ ಮಳಿ ಹೊಡೀತಿರ್ತದ. ಮ್ಯಾಲೆ ಶಿರೂರಿನ ಹತ್ರ ಮಾರ್ಕಂಡೇಯಕ್ಕ ಡ್ಯಾಮು, ಘಟಪ್ರಭಾಕ್ಕ ಹಿಡಕಲ್ ಡ್ಯಾಮು. ನೀರು ಬಿಟ್ಟರೋ ಇಲ್ಲೋ ಅನ್ನೋದು ಫಾಲ್ಸಿನ ಹತ್ರ ನಿಂತವನಿಗೆ ಗೊತ್ತಾಗೋದಿಲ್ಲ. 2019ರ ಆಗಸ್ಟಿನಾಗ ಇವೆರಡೂ ಹೊಳಿ ಕೂಡಿ ಗೋಕಾಕಕ್ಕ ಏನು ಮಾಡಿದವು, ಲೋಳಸೂರ ಸೇತುವೆ ಮ್ಯಾಲೆ ನೀರು ಹೆಂಗ ಹರೀತು, ಅದನ್ನ ನಿಮಗ ನಾನು ಹೇಳಬೇಕಾಗಿಲ್ಲ. ಅಷ್ಟು ದೊಡ್ಡದು ಬ್ಯಾಡ. ಬಂಡೆಗಳ ನಡುವಿನ ಹಳ್ಳದಂಥ ಜಾಗಕ್ಕ ಎರಡು ಗೇಣು ಏರಿದರ ಸಾಕು, ಬಂದ ಹಾದಿ ಮುಚ್ಚಿಹೋಗ್ತದ. ಮೊಣಕಾಲು ಮಟ್ಟದ ಜೋರು ನೀರಿನಾಗ ಗಟ್ಟಿ ಗಂಡಸೂ ನಿಲ್ಲೋದು ಕಷ್ಟ, ಹುಡುಗನ ಮಾತಂತೂ ಬ್ಯಾಡ.

ಹಿಂಗಾಗಿ ಈಗ ಹೊರಡೋಕೆ ಮೊದಲು ಹುಕ್ಕೇರಿ ಕಡೆಯ ಗೆಳೆಯರಿಗೆ ಫೋನ್ ಹಚ್ಚಿ "ಮ್ಯಾಲೆ ಮಳಿ ಐತೇನು, ಡ್ಯಾಮಿಂದ ನೀರು ಬಿಟ್ಟಾರೇನು" ಅಂತ ಕೇಳ್ತೀನಿ. ಜೂನಿನಿಂದ ಮಳಿಗಾಲ ಮುಗಿಯೋತನಕ ನೋಡೋದಷ್ಟೇ, ನೀರಿಗೆ ಕಾಲಿಲ್ಲ. ಹೋದ ಮ್ಯಾಲೆ ನೀರಿನ ಅಂಚಿಗೆ ಒಂದು ಹಳಕು ಇಡ್ತೀವಿ. ಅದು ಮುಳುಗಿತೋ, ನೀರು ಕೆಂಪಗಾತೋ, ತರಗು ಕಡ್ಡಿ ತೇಲಿ ಬಂತೋ, ಸಪ್ಪಳ ಬದಲಾತೋ, ಊಟ ಅರ್ಧಕ್ಕ ಬಿಟ್ಟು ಮ್ಯಾಲೆ ಹತ್ತೋದು. ಬೀಳೋ ನೀರಿಗೂ ಹುಡುಗ್ರಿಗೂ ನಡುವೆ ಇಂತಿಂಥ ಬಂಡೆ ಅಂತ ಮುಟ್ಟಿ ತೋರಿಸಿದ ಗಡಿ, ಅದರಾಚೆ ಇಲ್ಲ. ಕೆಳಗ ಇನ್ನೊಂದು ಧುಮುಕು ಇದ್ದ ಕಡೆ ಹರಿಯೋ ನೀರಿಗೆ ಇಳಿಸೋದೇ ಇಲ್ಲ, ಬಂಡೆ ಪಕ್ಕದಾಗ ನಿಂತ ನೀರಿದ್ದರ ಅಷ್ಟೇ, ಅದೂ ಹುಡುಗನ ಸೊಂಟದ ತನಕ. ಮೇಲಿಂದ ಜಿಗಿಯೋದು ಬಂದ್. ಭಾವಿಯ ತಳ ನಮಗ ಗೊತ್ತು, ಹೊಳಿಯ ತಳ ಪ್ರತಿ ಮಳಿಗಾಲಕ್ಕ ಬದಲಾಗ್ತದ. ಹೋದ ವರ್ಷ ಆಳ ಇದ್ದಲ್ಲಿ ಈ ವರ್ಷ ಬಂಡೆ ಬಂದು ಕೂತಿರ್ತದ.

ಟ್ರ್ಯಾಕ್ಟರ್ ಟ್ಯೂಬಿನ ಬಗ್ಗೆ ಕೇಳಿದವರಿಗೆ: ಭಾವಿಗೆ ಸರಿ, ಹರಿಯೋ ನೀರಿಗೆ ಬ್ಯಾಡ. ಒದ್ದಿ ಮೈಗೆ ಜಾರ್ತದ, ಸಣ್ಣ ಹುಡುಗ ನಡುವಿನಿಂದ ಇಳಿದುಹೋಗ್ತಾನ, ಟ್ಯೂಬು ಮಾತ್ರ ತೇಲ್ತಾ ಹೋಗ್ತದ. ಗುಂಡಿ ಬೆಲ್ಟು ಇರೋ ಲೈಫ್ ಜಾಕೆಟ್ ಎರಡು ತಂದೀನಿ, ಹುಡುಗ್ರ ಅಳತಿದು. ಯಾರಿಗೆ ಬೇಕಾದರೂ ಒಯ್ಯಿರಿ, ಒಣಗಿಸಿ ವಾಪಸ್ ಕೊಡ್ರಿ. ಹೋದ ತಿಂಗಳು ಒಯ್ದವರು ಇನ್ನೂ ಕೊಟ್ಟಿಲ್ಲ, ಓದ್ತಿದ್ದರ ನೆನಪಿರಲಿ.

ಇದೆಲ್ಲಕ್ಕಿಂತ ನನಗ ಹೆಚ್ಚು ಕೆಲಸಕ್ಕ ಬಂದಿದ್ದು ಮಾತ್ರ ನಮ್ಮ ಹೊಲದಿಂದಲೇ ಸಿಕ್ಕಿತು. ಕೆನಾಲ್ ನೀರು ಬಂದಾಗ ಪಾಳಿ ಹಚ್ಚತೀವಲ್ಲ. ರಾತ್ರಿ ಎರಡಕ್ಕ ನನ್ನ ಪಾಳಿ ಅಂದ್ರ ನನ್ನದೇ. ಒಡ್ಡು ಒಡೆದರ "ನೀ ನೋಡ್ತಿ ಅಂತ ತಿಳಿದಿದ್ದೆ" ಅನ್ನೋ ಮಾತು ನಡೆಯೋದಿಲ್ಲ. ಅದೇ ಪದ್ಧತಿ ಹುಡುಗ್ರಿಗೆ ಹಚ್ಚಿದೆ. ನೀರಿನ ಹತ್ರ ಒಂದು ಕೆಂಪು ಟಾವೆಲ್ಲು, ಒಂದು ಸೀಟಿ. ಟಾವೆಲ್ಲು ಯಾರ ಹೆಗಲ ಮ್ಯಾಲೆ ಐತಿ ಅವರದು ಪಾಳಿ. ಪಾಳಿಯವರಿಗೆ ಫೋನಿಲ್ಲ, ಎಲಿ ಅಡಿಕಿ ಇಲ್ಲ, ಹರಟಿ ಇಲ್ಲ, ನೀರಿಗೂ ಇಳಿಯಂಗಿಲ್ಲ. ಕುಡಿದವರಿಗೆ ಪಾಳಿನೇ ಇಲ್ಲ, ಅವರನ್ನ ಕರಕೊಂಡು ಹೋಗೋದೂ ಇಲ್ಲ. ಹದಿನೈದು ನಿಮಿಷಕ್ಕ ಒಬ್ಬರು, ಟಾವೆಲ್ಲು ಕೈಯಿಂದ ಕೈಗೆ ಕೊಟ್ಟು ಹುಡುಗ್ರ ತಲಿ ಎಣಿಸಿ ಹೇಳಬೇಕು, "ಮೂರು, ನಿನ್ನ ಕೈಗೆ" ಅಂತ. ಸೀಟಿ ಯಾಕಂದ್ರ ಒದರಿದ್ದು ಕೇಳೋದಿಲ್ಲ, ಅದು ಅವ್ವನ ಪಾಠ. ಒಂದು ಸೀಟಿ ಅಂದ್ರ ಇತ್ತ ನೋಡ್ರಿ, ಎರಡು ಅಂದ್ರ ಎಲ್ಲರೂ ದಂಡಿಗೆ. ಹಗ್ಗ ಕಟ್ಟಿದ ಖಾಲಿ ಕ್ಯಾನು ಪಾಳಿಯವರ ಕಾಲ ಹತ್ರ. ಏನಾದರೂ ಆದರ ಮೊದಲು ಒಗೆಯೋದು, ಹಗ್ಗ ಸೀರಿ ಬಡಿಗಿ ಚಾಚೋದು, ಜಿಗಿಯೋದಲ್ಲ. ಅಜ್ಜ ಅವತ್ತು ನನ್ನ ಅಂಗಿ ಹಿಡಿಯದಿದ್ದರ ನನ್ನ ಹುಡುಗ್ರಿಗೆ ಅಪ್ಪನೂ ಇರ್ತಿರಲಿಲ್ಲ, ತಂಗಿಗೆ ಮಗನೂ ಇರ್ತಿರಲಿಲ್ಲ.

ಆ ಅಜ್ಜನ ಹೆಸರು ಕೇಳೋಕೆ ಸುದ್ದಾ ನೆನಪಾಗಲಿಲ್ಲ ನೋಡ್ರಿ. ಅವನ ಕಂಬಳಿ ನಮ್ಮ ಗಾಡಿಯಾಗೇ ಬಂದುಬಿಟ್ಟಿತ್ತು. ಎರಡು ಸಲ ಒಯ್ದೆ, ಕುರಿ ಹಿಂಡು ಬ್ಯಾರೆ ಕಡೆ ಹೋಗಿದ್ದವು, ಸಿಗಲಿಲ್ಲ. ಆ ಕಡೆ ಕುರಿ ಮೇಯಿಸೋವ್ರ ಪರಿಚಯ ಇದ್ದವರು ತಿಳಿಸ್ರಿ. ಕಂಬಳಿ ತೊಳೆದು ಮಡಚಿ ಇಟ್ಟೀನಿ.

ಅಳಿಯ ಆಮೇಲೆ ಮೂರು ತಿಂಗಳು ಭಾವಿಗೂ ಇಳಿಯಲಿಲ್ಲ. ತಂಗಿಯೂ ಕಳಿಸಲಿಲ್ಲ. ಸಂಕ್ರಮಣಕ್ಕ ಎಳ್ಳು ಹಚ್ಚಿಕೊಂಡು ಹೊಳಿ ಸ್ನಾನ ಮಾಡೋ ಪದ್ಧತಿ ಇದ್ದೇ ಐತಲ್ಲ, ಅದಕ್ಕ ನಾನೇ ಹೋಗಿ ತಂಗಿಯನ್ನೂ ಮಗನನ್ನೂ ಕರಕೊಂಡು ಬಂದೆ. ನೀರಿನ ಅಂಜಿಕಿ ಹಂಗೇ ಕೂಡಬಾರದು, ಹೊಲದ ಸುತ್ತ ಹೊಳಿ, ಕೆನಾಲು, ಹೊಂಡ ಇಟ್ಟುಕೊಂಡು ಬದುಕೋ ಹುಡುಗ ಈಸು ಬಿಡಬಾರದು ಅಂತ ನನ್ನ ಲೆಕ್ಕ. ಘಟಪ್ರಭಾ ದಂಡಿಗೆ, ಬಾಂದಾರದಿಂದ ದೂರ, ಹೊಳಿ ಸಪಾಟಾಗಿ ಸಾವಕಾಶ ಹರಿಯೋ ಕಡೆ ಹೋದಿವಿ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ, ಮಾದ್ಲಿ. ತಂಗಿ ಮೊದಲು ಅವನ ಕೈಯೇ ಬಿಡಲಿಲ್ಲ. ಕಡೀಕ ತಾನೇ ಅವನ ಜೋಡಿ ಮೊಣಕಾಲು ನೀರಿನಾಗ ಕೂತು ಎಳ್ಳು ತಿಕ್ಕಿದಳು. ಹುಡುಗ ಒಮ್ಮೆ ಮುಖ ಮುಳುಗಿಸಿ ಎದ್ದ, ಮತ್ತೊಮ್ಮೆ ಮುಳುಗಿಸಿದ, ಆಮೇಲೆ ಸಾಕು ಅಂತ ಹೊರಗ ಬಂದ.

ಮೈ ಒರೆಸಿಕೊಂಡು ಬಂದವನೇ "ನನಗೊಂದು ಪಾಳಿ ಕೊಡು ಮಾಮಾ" ಅಂದ. ಸಣ್ಣವರಿಗೆ ಪಾಳಿ ಇಲ್ಲೋ ಅಂದೆ, ಕೇಳಲಿಲ್ಲ. ಮನಿಯಾಕಿ ಪಾಳಿಯಾಗ ಇದ್ದಳು, ಅವಳ ಪಕ್ಕಕ್ಕ ಕೂತು ಟಾವೆಲ್ಲಿನ ಒಂದು ತುದಿ ತನ್ನ ಹೆಗಲಿಗೂ ಹಾಕಿಕೊಂಡ. ನಾನು ನನ್ನ ಮಗಳ ಜೋಡಿ ದಂಡಿ ನೀರಿನಾಗ ನಿಂತಿದ್ದೆ. ಕಿಸೆಯಾಗ ಫೋನು ಗುರ್ ಅಂತು. ಮುಕ್ಕಾದಮನದು. ತೆಗೆದು ಬರೇ ಹೆಸರು ನೋಡ್ತಿದ್ದೆ, ಅಷ್ಟರೊಳಗ ದಂಡಿ ಮ್ಯಾಲಿಂದ ಜೋರಾಗಿ ಒಂದು ಸೀಟಿ ಬಂತು.